ಹಿಂದೆ ಎಷ್ಟು ಹಲ್ಲು?

ಒಂದೂವರೆ ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು ಅಂದರೆ ನೀವು ನಂಬ್ತೀರಿ, ಆದರೆ ನಿಜವಾದ ಕಾರಣ ಬೇರೆ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿನ ಸ್ಪ್ರಾಕೆಟ್ ಹಾಕಬೇಕು ಅನ್ನೋ ಒಂದೇ ಪ್ರಶ್ನೆ ತಲೆಗೆ ಹೊಕ್ಕು ಕೂತಿತ್ತು. ಹದಿನೆಂಟಾ, ಹತ್ತೊಂಬತ್ತಾ, ಇಪ್ಪತ್ತೆರಡಾ? ಮೀಟಿಂಗಿನಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಭಾಗಾಕಾರ ಮಾಡ್ತಾ ಕೂತಿದ್ದೆ. ಪಕ್ಕದಲ್ಲಿದ್ದವನು ಬಗ್ಗಿ ನೋಡಿ "ಏನ್ ಗುರೂ, ಇಎಂಐ ಲೆಕ್ಕಾನಾ?" ಅಂದ. ಹೂಂ ಅಂದೆ :-)

ನನ್ನದು ಫಿಕ್ಸೆಡ್ ಗೇರ್ ಸೈಕಲ್. ಹಾಗಂದರೇನು ಅಂತ ಕೇಳೋರಿಗೆ ಒಂದು ಸುಲಭದ ಉತ್ತರ ಇದೆ. ಚಿಕ್ಕವರಿದ್ದಾಗ ಅಂಗಳದಲ್ಲಿ ಓಡಿಸಿದ ಮೂರು ಗಾಲಿ ಸೈಕಲ್ ನೆನಪಿಸಿಕೊಳ್ಳಿ. ಅದರ ಪೆಡಲ್ ಚಕ್ರಕ್ಕೇ ಅಂಟಿಕೊಂಡಿರುತ್ತೆ. ಚಕ್ರ ತಿರುಗಿದರೆ ಪೆಡಲೂ ತಿರುಗಲೇಬೇಕು. ದೊಡ್ಡವರ ಸೈಕಲ್ಲಿನಲ್ಲಿ ಹಿಂದಿನ ಚಕ್ರಕ್ಕೆ ಫ್ರೀವೀಲ್ ಇರುತ್ತೆ. ಇಳಿಜಾರಿನಲ್ಲಿ ಕಾಲು ಬಿಟ್ಟು ಕೂತಾಗ ಟಿಕ್ ಟಿಕ್ ಟಿಕ್ ಅಂತ ಸದ್ದು ಮಾಡೋದು ಅದೇ. ಫಿಕ್ಸೆಡ್ ಗೇರ್‌ನಲ್ಲಿ ಆ ಸದ್ದೂ ಇಲ್ಲ, ಆ ಸುಖವೂ ಇಲ್ಲ. ಸೈಕಲ್ ಓಡುವಷ್ಟು ಹೊತ್ತು ಕಾಲು ತಿರುಗ್ತಾನೇ ಇರಬೇಕು.

ಇಂಥದ್ದನ್ನ ಯಾಕೆ ಇಟ್ಟುಕೊಂಡಿದೀಯ ಅಂತ ನಮ್ಮಮ್ಮ ಇವತ್ತಿಗೂ ಕೇಳ್ತಾರೆ. ಕೆಟ್ಟು ಹೋಗೋ ಸಾಮಾನು ಕಡಿಮೆ, ಚಕ್ರ ರಸ್ತೆ ಮೇಲೆ ಏನು ಮಾಡ್ತಿದೆ ಅನ್ನೋದು ಕಾಲಿಗೇ ಗೊತ್ತಾಗುತ್ತೆ, ಮಳೆಯಲ್ಲಿ ಅದು ದೊಡ್ಡ ಧೈರ್ಯ. ಬೆಂಗಳೂರಿನಲ್ಲಿ ಎರಡು ವರ್ಷದಿಂದ ಅದರಲ್ಲೇ ಆಫೀಸಿಗೆ ಹೋಗ್ತಿದೀನಿ. ಈ ಸಲ ಆಷಾಢದಲ್ಲಿ ಒಂದು ವಾರ ರಜೆ ಹಾಕಿ, ಅದೇ ಸೈಕಲ್ಲಿಗೆ ಎಂಟು ಕಿಲೋ ಸಾಮಾನು ಕಟ್ಟಿಕೊಂಡು ನಮ್ಮ ಜಿಲ್ಲೆ ಸುತ್ತಬೇಕು ಅಂತ ತೀರ್ಮಾನ ಮಾಡಿದೆ. ಚನ್ನಗಿರಿ ನಮ್ಮೂರು. ಹೊನ್ನಾಳಿಯಲ್ಲಿ ಸೋದರಮಾವ ಇದ್ದಾರೆ. ಅಕ್ಕನನ್ನ ಕೊಟ್ಟಿರೋದು ನ್ಯಾಮತಿಗೆ. ಇನ್ನು ಜಗಳೂರು... ಅಲ್ಲಿ ಈಗ ನಮ್ಮವರು ಅಂತ ಯಾರೂ ಇಲ್ಲ. ಆದರೆ ಅಲ್ಲಿಗೆ ಹೋಗೋದೇ ಮುಖ್ಯವಾಗಿತ್ತು. ಯಾಕೆ ಅಂತ ಮುಂದೆ ಹೇಳ್ತೀನಿ.

ಗೇರ್ ಇರೋ ಸೈಕಲ್ಲಿನವರಿಗೆ ಈ ತಲೆನೋವಿಲ್ಲ. ಏರು ಬಂದರೆ ಒಂದು ಗೇರ್, ಇಳಿಜಾರು ಬಂದರೆ ಇನ್ನೊಂದು. ನನಗೆ ಇರೋದು ಒಂದೇ. ಮನೆಯಲ್ಲಿ ಕೂತು ಆರಿಸಿದ ಸಂಖ್ಯೆಯ ಜೊತೆ ಇಡೀ ದಿನ ಸಂಸಾರ ಮಾಡಬೇಕು.

ಲೆಕ್ಕ ಕಷ್ಟದ್ದೇನಲ್ಲ. ಮುಂದಿನ ಚೈನ್‌ವೀಲಿನ ಹಲ್ಲನ್ನ ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ವ್ಯಾಸದಿಂದ ಗುಣಿಸಿದರೆ 'ಗೇರ್ ಇಂಚು' ಬರುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇರೋ ಸೈಕಲ್ ಇತ್ತಲ್ಲ, ಅದರಿಂದ ಬಂದ ಅಳತೆ ಇದು. ಅದರಲ್ಲಿ ಚೈನೇ ಇರಲಿಲ್ಲ, ಪೆಡಲ್ ನೇರವಾಗಿ ದೊಡ್ಡ ಚಕ್ರಕ್ಕೆ. ಆ ಚಕ್ರ ಎಷ್ಟು ಇಂಚೋ ಗೇರ್ ಅಷ್ಟು. ಥಾಮಸ್ ಸ್ಟೀವನ್ಸ್ ಅನ್ನೋ ಮಹಾಶಯ 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟು ಅಂಥಾ 50 ಇಂಚಿನ ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿದ. 1886ರಲ್ಲಿ ನಮ್ಮ ದೇಶದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲೂ ಕಲ್ಕತ್ತಾವರೆಗೆ ಹೋಗಿದ್ದ. ಅದೂ ಒಂಥರಾ ಫಿಕ್ಸೆಡ್ ಗೇರೇ. ಅಂದರೆ ಸಾಮಾನು ಕಟ್ಟಿಕೊಂಡು ದೂರ ಹೋಗೋಕೆ 50 ಇಂಚು ಸಾಕು ಅಂತ ಆಗಲೇ ಒಬ್ಬ ತೋರಿಸಿಕೊಟ್ಟಾಗಿದೆ.

ನಮ್ಮ ಮನೆಯ ಕಪ್ಪು ಸೈಕಲ್ ಎಷ್ಟಿದೆ ನೋಡೋಣ ಅಂತ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಮೇಷ್ಟ್ರು, ರಿಟೈರ್ ಆಗಿದ್ದಾರೆ. ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆದ ಮೇಲೆ ಸೈಕಲ್ ಹತ್ತಿಲ್ಲ, ಆದರೂ ಅದು ಅಡಿಕೆ ಚೀಲದ ಪಕ್ಕ ಒರಗಿಕೊಂಡು ನಿಂತೇ ಇದೆ. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿದರು. "ಮುಂದೆ ನಲವತ್ನಾಲ್ಕು, ಹಿಂದೆ ಹದಿನೆಂಟು. ಎರಡು ಸಲ ಎಣಿಸಿದೀನಿ" ಅಂದರು. ಮೇಷ್ಟ್ರು ಎರಡು ಸಲ ಎಣಿಸದೆ ಇರ್ತಾರಾ! ಚಕ್ರ 28 ಇಂಚು. ಲೆಕ್ಕ ಹಾಕಿದರೆ 68 ಇಂಚು ಚಿಲ್ಲರೆ.

ನನ್ನ ಸೈಕಲ್ಲಿನಲ್ಲಿ ಮುಂದೆ 42 ಹಲ್ಲು, ಚಕ್ರ ಟೈರ್ ಸಮೇತ 27 ಇಂಚು. ಹಿಂದೆ 19 ಹಾಕಿದರೆ 60 ಇಂಚಿಗೆ ಸ್ವಲ್ಪ ಕಡಿಮೆ, 22 ಹಾಕಿದರೆ ಐವತ್ತೊಂದೂವರೆ. ಹೆಚ್ಚುಕಮ್ಮಿ ಸ್ಟೀವನ್ಸನ ಗೇರ್. ಕಾಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅಂತ ಮೂರಕ್ಕೂ ಬರೆದುಕೊಂಡೆ.

ಗಂಟೆಗೆ 20 ಕಿ.ಮೀ. ವೇಗದಲ್ಲಿ, ಸಪಾಟು ರಸ್ತೆ: ಅಪ್ಪನ ಸೈಕಲ್ 61, 19 ಹಲ್ಲು 70, 22 ಹಲ್ಲು 81.
ಗಂಟೆಗೆ 35 ಕಿ.ಮೀ. ವೇಗದಲ್ಲಿ, ಇಳಿಜಾರು: ಅಪ್ಪನ ಸೈಕಲ್ 107, 19 ಹಲ್ಲು 122, 22 ಹಲ್ಲು 142.
ಗಂಟೆಗೆ 12 ಕಿ.ಮೀ. ವೇಗದಲ್ಲಿ, ಎದುರು ಗಾಳಿ: ಅಪ್ಪನ ಸೈಕಲ್ 37, 19 ಹಲ್ಲು 42, 22 ಹಲ್ಲು 49.

ಮೊದಲನೇ ಸಾಲಿನಲ್ಲಿ ಜಗಳ ಇಲ್ಲ, ಯಾವುದಾದರೂ ನಡೆಯುತ್ತೆ. ಎರಡನೇ ಸಾಲಿನ 68 ಇಂಚಿನ ಮನುಷ್ಯನಿಗೆ ಫ್ರೀವೀಲ್ ಇದೆ, ಕಾಲು ಬಿಟ್ಟು ಕೂತಿರ್ತಾನೆ ಅಂತ ಅಪ್ಪನ ವಿಷಯದಲ್ಲಿ ಮರೀಬಾರದು. ನನಗೆ ಆ ಅನುಕೂಲ ಇಲ್ಲ. ನಿಮಿಷಕ್ಕೆ 142 ಸುತ್ತು ಅಂದರೆ ಹೊಲಿಗೆ ಮಿಷನ್ನಿನ ಸೂಜಿ ಥರ, ಸೀಟಿನ ಮೇಲೆ ಕೂತಲ್ಲೇ ಕುಪ್ಪಳಿಸ್ತೀವಿ. ಅದಕ್ಕೇ ಮುಂದಿನ ಬ್ರೇಕ್ ಇಲ್ಲದ ಫಿಕ್ಸೆಡ್ ಸೈಕಲ್ಲನ್ನ ರಸ್ತೆಗೆ ಇಳಿಸಬಾರದು. ಯೂಟ್ಯೂಬಿನ ಹುಡುಗರು ಬ್ರೇಕ್ ಕಿತ್ತು ಹಾಕಿ ಓಡಿಸೋದನ್ನ ನೋಡಿ ಮರುಳಾಗಬೇಡಿ. ಇಳಿಜಾರಿನಲ್ಲಿ ಶೂ ಲೇಸ್ ಚೈನಿಗೆ ಸಿಕ್ಕರೂ ಈ ಪೆಡಲ್ ನಿಲ್ಲೋದಿಲ್ಲ. ಲೇಸನ್ನ ಒಳಗೆ ಸಿಗಿಸಿ, ಪ್ಯಾಂಟಿಗೆ ಕ್ಲಿಪ್ ಹಾಕಿ, ಆಮೇಲೆ ಹತ್ತಿ.

ಮೂರನೇ ಸಾಲು ನೋಡಿ. ನನಗೆ ನಿದ್ದೆ ಕೆಡಿಸಿದ್ದು ಅದು.

1997ರ ಜುಲೈ ತಿಂಗಳು. ಅಪ್ಪನಿಗೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಜಗಳೂರಿನಲ್ಲಿ ಒಂದು ರೂಮು ಮಾಡಿಕೊಂಡು ದಿನಾ ಶಾಲೆಗೆ ಸೈಕಲ್ಲಿನಲ್ಲಿ ಹೋಗಿಬರ್ತಿದ್ದರು. ಅಮ್ಮ ಚನ್ನಗಿರಿಯಲ್ಲಿ, ತುಂಬು ಬಸುರಿ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ. ಅದೇ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು, ಎರಡೂ ಒಂದೇ ಜಿಲ್ಲೆಗೆ ಬಂದವು. ಮಾಡಿದ್ದು ಜೆ.ಎಚ್. ಪಟೇಲರು, ಅವರೂ ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ನಾನು ಮಾತ್ರ ಒಂದು ತಿಂಗಳು ಅವಸರ ಮಾಡಿದೆ.

ಸಂಜೆ ಅಮ್ಮನಿಗೆ ರಕ್ತ ಹೋಗೋಕೆ ಶುರುವಾಯಿತಂತೆ. ಮಾವ ಯಾರದೋ ಜೀಪು ಮಾಡಿಕೊಂಡು ದಾವಣಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಜಗಳೂರಿನ ಎಸ್‌ಟಿಡಿ ಬೂತಿಗೆ ಫೋನ್: "ಭಾವ, ತಕ್ಷಣ ಬನ್ನಿ. ರಕ್ತ ಬೇಕಾಗಬಹುದು ಅಂತಿದಾರೆ." ಬೂತಿನ ಹುಡುಗ ರೂಮಿಗೆ ಓಡಿ ಬಂದು ಹೇಳೋ ಹೊತ್ತಿಗೆ ಕೊನೇ ಬಸ್ಸು ಹೋಗಿಯಾಗಿತ್ತು. ಒಂದರ್ಧ ಗಂಟೆ ಲಾರಿಗೆ ಕಾದರು. ಯಾವುದೂ ನಿಲ್ಲಲಿಲ್ಲ. ಎಂಟೂವರೆಗೆ ಸೈಕಲ್ ಹತ್ತಿದರು.

ಜಗಳೂರಿನಿಂದ ಬಿಳಿಚೋಡು, ಅಣಜಿ, ದಾವಣಗೆರೆ. ಸುಮಾರು ಐವತ್ತು ಕಿಲೋಮೀಟರ್. ನಕ್ಷೆ ನೋಡಿ, ಆ ರಸ್ತೆ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ಹೋಗುತ್ತೆ. ಆಷಾಢದ ಗಾಳಿ ಬರೋದೂ ಪಶ್ಚಿಮದಿಂದಲೇ. ಮಲೆನಾಡಿನಲ್ಲಿ ಮಳೆಯನ್ನೆಲ್ಲ ಸುರಿದು, ಈ ಕಡೆಗೆ ಬರಿಗೈಯಲ್ಲಿ ಬರೋ ಗಾಳಿ. ಚನ್ನಗಿರಿ ಕಡೆ ತೋಟ, ಗುಡ್ಡ ತಡೆಯುತ್ತವೆ. ಜಗಳೂರಿನ ಬಯಲಿನಲ್ಲಿ ತಡೆಯೋಕೆ ಏನಿದೆ? ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಈಗ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಅರ್ಥ ಮಾಡಿಕೊಳ್ಳಿ.

ಅಪ್ಪ ಆಸ್ಪತ್ರೆ ಮುಟ್ಟಿದಾಗ ರಾತ್ರಿ ಎರಡು ಗಂಟೆ. ನಾನು ಒಂದು ಗಂಟೆಗೆ ಹುಟ್ಟಿದ್ದೆ. ರಕ್ತ ಬೇಕಾಗಿತ್ತು, ಮಾವ ಕೊಟ್ಟಿದ್ದರು. ಅಮ್ಮ ಉಳಿದರು. "ನಿಮ್ಮಪ್ಪ ಬಂದಾಗ ನಾನು ಅರೆ ಎಚ್ಚರದಲ್ಲಿದ್ದೆ. ಮುಖ ಎಲ್ಲಾ ಧೂಳು, ಕಣ್ಣು ಕೆಂಡ. ಯಾರೋ ಲಾರಿ ಕ್ಲೀನರ್ ಒಳಗೆ ಬಂದ ಅನ್ಕೊಂಡೆ" ಅಂತ ಅಮ್ಮ ನಗ್ತಾರೆ. ಅಪ್ಪ ನಗಲ್ಲ. ಈ ವಿಷಯ ಬಂದಾಗ ಎದ್ದು ತೋಟದ ಕಡೆ ಹೋಗಿಬಿಡ್ತಾರೆ. ಚಿಕ್ಕವನಿದ್ದಾಗಿನಿಂದ ನೋಡಿದ್ದೀನಿ.

ಇಂಜಿನಿಯರಿಂಗ್ ಓದಿದ ಮೇಲೆ ಸುಮ್ಮನಿರೋಕೆ ಆಗುತ್ತಾ? ಲೆಕ್ಕ ಹಾಕಿದೆ. ಐವತ್ತು ಕಿಲೋಮೀಟರಿಗೆ ಐದೂವರೆ ಗಂಟೆ. ತುಳಿದಾಗ ಗಂಟೆಗೆ 12, ತಳ್ಳಿದಾಗ ನಾಲ್ಕೂವರೆ ಅಂತ ಇಟ್ಟುಕೊಂಡರೆ ಸುಮಾರು ಹತ್ತು ಕಿಲೋಮೀಟರ್ ಇಳಿದು ತಳ್ಳಿರಬೇಕು. ಎಲ್ಲೂ ಇಳಿಯದೆ 12ರಲ್ಲೇ ಬಂದಿದ್ದರೆ ಒಂದು ಗಂಟೆಗೆ ಇಪ್ಪತ್ತು ನಿಮಿಷ ಮುಂಚೆ ಆಸ್ಪತ್ರೆಯಲ್ಲಿರ್ತಿದ್ದರು. 68 ಇಂಚಿನ ಗೇರ್‌ನಲ್ಲಿ ನಿಮಿಷಕ್ಕೆ 37 ಸುತ್ತು ಅಂದರೆ ಪ್ರತಿ ಸುತ್ತೂ ಒಂದೊಂದು ಮೆಟ್ಟಿಲು ಹತ್ತಿದ ಹಾಗೆ. ನಾಲ್ಕು ಗಂಟೆ ಅದನ್ನ ಯಾರಿಂದಲೂ ಮಾಡೋಕಾಗಲ್ಲ. 22 ಹಲ್ಲು ಇದ್ದಿದ್ದರೆ?

ಈ ಲೆಕ್ಕವನ್ನ ಅಪ್ಪನಿಗೆ ತೋರಿಸಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಕೊನೆಗೆ ಊರಿಗೆ ಹೋದಾಗ, ಹೊರಡೋ ಹಿಂದಿನ ರಾತ್ರಿ, ಕಾಗದದ ಮೇಲೆ ಬರೆದು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಪರೀಕ್ಷೆ ಪೇಪರ್ ತಿದ್ದೋ ಹಾಗೆ ಓದಿದರು.

"ತಳ್ಳಿದ್ದು ಹತ್ತು ಕಿಲೋಮೀಟರ್, ಸರಿ ಇರಬಹುದು" ಅಂದರು. "ಆದ್ರೆ ಗಾಳಿಗೆ ಅಷ್ಟೇ ಅಲ್ಲ ಕಣೋ. ಡೈನಮೊ ಒತ್ತಿದ್ರೆ ಚಕ್ರ ಇನ್ನೂ ಭಾರ. ಬಿಟ್ರೆ ಗುಂಡಿ ಕಾಣಲ್ಲ. ಮೋಡ ಸರಿದು ಬೆಳದಿಂಗಳು ಬಂದಾಗ ಡೈನಮೊ ಎತ್ತಿ ತುಳಿದೆ, ಕತ್ತಲೆ ಆದಾಗ ಇಳಿದು ತಳ್ಳಿದೆ. ಬಿದ್ದು ಕಾಲು ಮುರ್ಕೊಂಡಿದ್ರೆ ನಿಮ್ಮಮ್ಮನ ಹತ್ರ ಯಾರು ಹೋಗ್ಬೇಕಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದರು. "ಏರು ಆದ್ರೆ ಮುಗಿಯುತ್ತೆ. ನೆತ್ತಿ ಕಾಣ್ತಿರುತ್ತೆ, ಅಲ್ಲೀವರೆಗೂ ಹಲ್ಲು ಕಚ್ಚಿ ತುಳಿಬೋದು. ಗಾಳಿ ಎಲ್ಲಿ ಮುಗಿಯುತ್ತೆ ಅಂತ ಕಾಣಲ್ಲ. ನೀನು ಹಲ್ಲು ಆರಿಸೋದಾದ್ರೆ ಗಾಳಿ ನೋಡಿ ಆರಿಸು."

ಒಂದೂವರೆ ತಿಂಗಳ ನನ್ನ ಭಾಗಾಕಾರಕ್ಕೆ ಉತ್ತರ ಸಿಕ್ಕಿದ್ದು ಆ ರಾತ್ರಿ. ಫಿಕ್ಸೆಡ್ ಗೇರ್ ಓಡಿಸೋ ಎಲ್ಲರೂ ಮೊದಲು ಗುಡ್ಡದ ಬಗ್ಗೆ ಯೋಚನೆ ಮಾಡ್ತಾರೆ. ಅರ್ಧ ಕಿಲೋಮೀಟರಿನ ಏರಿಗೆ ಸೀಟಿನಿಂದ ಎದ್ದು ನಿಂತು ಭಾರ ಹಾಕಿದರೆ ಯಾವ ಗೇರ್ ಆದರೂ ಹತ್ತುತ್ತೆ. ಅದರಲ್ಲೂ ಈ ಸೈಕಲ್ಲಿನಲ್ಲಿ ಚಕ್ರದ ಓಟವೇ ಪೆಡಲನ್ನ ಮೇಲಿನಿಂದ ದಾಟಿಸಿ ಸಹಾಯ ಮಾಡುತ್ತೆ. ಎದುರು ಗಾಳಿಯಲ್ಲಿ ನಿಂತು ತುಳಿಯೋಕೆ ಹೋದರೆ ಎದೆ ಇನ್ನಷ್ಟು ಅಗಲವಾಗಿ ಗಾಳಿಗೆ ಸಿಗುತ್ತೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಎರಡರಷ್ಟು ವೇಗಕ್ಕೆ ನಾಲ್ಕರಷ್ಟು ಒತ್ತಡ. ಬಗ್ಗಿ ಕೂತು, ಹಗುರಾಗಿ, ಗಂಟೆಗಟ್ಟಲೆ ತಿರುಗಿಸ್ತಾ ಇರಬೇಕು. ಹಾಗೆ ತಿರುಗಿಸೋಕೆ ಆಗೋ ಗೇರೇ ಸರಿಯಾದ ಗೇರ್.

ಅಂದ ಹಾಗೆ, ನನ್ನ ಹಿಂದಿನ ಚಕ್ರಕ್ಕೆ ಎರಡೂ ಕಡೆ ಸ್ಪ್ರಾಕೆಟ್ ಹಾಕಬಹುದು. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಗೇರ್ ಬದಲು. ಒಂದು ಸ್ಪ್ಯಾನರ್, ಐದು ನಿಮಿಷ. ಟೂರ್ ಡಿ ಫ್ರಾನ್ಸಿನಲ್ಲಿ 1937ರವರೆಗೆ ಚೈನ್ ದಾಟಿಸೋ ಗೇರ್‌ಗೆ ಅನುಮತಿ ಕೊಟ್ಟಿರಲಿಲ್ಲ, ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹೀಗೇ ಚಕ್ರ ತಿರುಗಿಸಿ ಹಾಕಿಕೊಳ್ತಿದ್ದರು. ನಾನು ಒಂದು ಕಡೆ 19, ಇನ್ನೊಂದು ಕಡೆ 22 ಹಾಕಿದೆ. ಒಂದು ಹಲ್ಲಿಗೆ ಚಕ್ರ ಸುಮಾರು 3 ಮಿ.ಮೀ. ಹಿಂದೆ ಮುಂದೆ ಸರಿಯಬೇಕು, ಮೂರು ಹಲ್ಲಿಗೆ ಒಂಬತ್ತೂವರೆ. ಅಷ್ಟು ಜಾಗ ಫ್ರೇಮಿನಲ್ಲಿತ್ತು, ಚೈನ್ ಕತ್ತರಿಸೋ ರಗಳೆ ಬರಲಿಲ್ಲ.

21 ಯಾಕೆ ಹಾಕಲಿಲ್ಲ ಅಂದರೆ ಅದಕ್ಕೂ ಅಪ್ಪ ಕಲಿಸಿದ ಮ.ಸಾ.ಅ. ಕಾರಣ. 42ನ್ನ 21ರಿಂದ ಭಾಗಿಸಿದರೆ ಸರಿಯಾಗಿ 2. ಕಾಲು ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತು. ಕಾಲಿನಿಂದ ತಡೆದು ನಿಲ್ಲಿಸಿದಾಗೆಲ್ಲ ಟೈರಿನ ಅದೇ ಜಾಗ ರಸ್ತೆಗೆ ಉಜ್ಜುತ್ತೆ, ಅಲ್ಲೇ ಸವೆಯುತ್ತೆ. 42ಕ್ಕೂ 19ಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಸವೆತ ಹತ್ತೊಂಬತ್ತು ಜಾಗಕ್ಕೆ ಹಂಚಿಹೋಗುತ್ತೆ. 22ಕ್ಕೆ ಹನ್ನೊಂದು ಜಾಗ. ಐದನೇ ಕ್ಲಾಸಿನ ಲೆಕ್ಕ ಟೈರಿನ ದುಡ್ಡು ಉಳಿಸುತ್ತೆ ಅಂತ ಗೊತ್ತಿದ್ದರೆ ಆಗ ಇನ್ನೂ ಚೆನ್ನಾಗಿ ಓದ್ತಿದ್ದೆ :-)

ಸರಿ, ಹೊರಟೆ. ಮೊದಲನೇ ದಿನ ಚನ್ನಗಿರಿಯಿಂದ ಸೂಳೆಕೆರೆ, ಬಸವಾಪಟ್ಟಣ ದಾರಿಯಲ್ಲಿ ಹೊನ್ನಾಳಿಗೆ. ಅಡಿಕೆ ತೋಟ, ಏರು, ಇಳಿಜಾರು, ಕೆರೆ ಏರಿ ಮೇಲೆ ತಂಪು ಗಾಳಿ. 19 ಹಲ್ಲು ಹೇಳಿ ಮಾಡಿಸಿದ ಹಾಗಿತ್ತು. ತುಂಗಭದ್ರೆ ಕಡೆಗೆ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದೆ, ಬೆರಳು ಜೋಮು ಹಿಡಿಯಿತು. ಮಾವ ಸೈಕಲ್ ಎತ್ತಿ ಹಿಂದಿನ ಚಕ್ರ ತಿರುಗಿಸಿ ನೋಡಿ, ಪೆಡಲೂ ಜೊತೆಗೆ ತಿರುಗಿದ್ದಕ್ಕೆ "ಇದು ರಿಪೇರಿಗೆ ಐತೆ ಕಣೋ" ಅಂದರು. ಎರಡನೇ ದಿನ ನ್ಯಾಮತಿಗೆ. ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಊರು, ಈಗ ಅದೇ ಒಂದು ತಾಲ್ಲೂಕು. ಆ ಕಡೆ ಹೋದಷ್ಟೂ ಮಲೆನಾಡಿನ ಸೆರಗು ಕಾಣಿಸುತ್ತೆ, ಗಾಳಿಯಲ್ಲಿ ತುಂತುರು ಇರುತ್ತೆ. ಅಕ್ಕ ಮೂರು ಹೊತ್ತು ಊಟ ಹಾಕಿ, "ಬೈಕಿಗೆ ದುಡ್ಡಿಲ್ವೇನೋ? ನಿಮ್ಮ ಭಾವನ ಹತ್ರ ಕೇಳ್ಲಾ?" ಅಂದಳು. ವಾಪಸ್ ಹೊನ್ನಾಳಿಗೆ ಬರುವಾಗ ಹೊಟ್ಟೆಯ ಭಾರಕ್ಕೆ 22 ಬೇಕಾಗಿತ್ತು.

ಮೂರನೇ ದಿನ ಮಲೇಬೆನ್ನೂರು, ಹರಿಹರ, ದಾವಣಗೆರೆ. ಭದ್ರಾ ನಾಲೆಯ ನೀರು ಕಂಡ ಗದ್ದೆ ಬಯಲು, ಏನೂ ಕಷ್ಟ ಇಲ್ಲ. ನಾಲ್ಕನೇ ದಿನ ಜಗಳೂರಿಗೆ. ಗಾಳಿ ಬೆನ್ನಿಗೆ ಬಿದ್ದು ದಬ್ಬಿಕೊಂಡು ಹೋಯಿತು. ಗಂಟೆಗೆ 28ರಲ್ಲಿ ಕಾಲು ನಿಮಿಷಕ್ಕೆ ನೂರು ಸುತ್ತು, ಮಧ್ಯಾಹ್ನದ ಊಟಕ್ಕೆ ಮುಂಚೆ ಜಗಳೂರಿನಲ್ಲಿದ್ದೆ. ಅಪ್ಪ ಪಾಠ ಮಾಡಿದ ಶಾಲೆಗೆ ಹೋದೆ. ಹೊಸ ಕಟ್ಟಡ. ಮೂಲೆಯಲ್ಲಿ ಒಂದು ಹಳೇ ಬೇವಿನ ಮರ, ಅಪ್ಪ ಹೇಳಿದ್ದೇ ಇರಬೇಕು.

ಐದನೇ ದಿನ ಬೆಳಿಗ್ಗೆ ಜಗಳೂರಿನಲ್ಲೇ ಚಕ್ರ ತಿರುಗಿಸಿ 22 ಹಾಕಿಕೊಂಡೆ. ರಾತ್ರಿ ಹೋಗೋ ಹುಚ್ಚು ಮಾಡಲಿಲ್ಲ, ಈಗ ಲಾರಿಗಳ ಓಡಾಟ ಬೇರೆ. ಊರು ದಾಟಿದ ಕೂಡಲೇ ಗಾಳಿ ಎದೆಗೆ ಕೈ ಇಟ್ಟು ನಿಲ್ಲಿಸಿದ ಹಾಗಾಯಿತು. ಕಿವಿಯಲ್ಲಿ ಒಂದೇ ಸಮನೆ ಸದ್ದು. ಮೆಕ್ಕೆಜೋಳದ ಸಸಿಗಳೆಲ್ಲ ನನ್ನ ಕಡೆಗೇ ತಲೆ ಬಾಗಿಸಿಕೊಂಡು ನಿಂತಿದ್ದವು. ವೇಗ 11, 12, ಕೆಲವು ಕಡೆ 10. ಬಿಳಿಚೋಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಮತ್ತೆ ಹತ್ತಿದೆ. ಅಣಜಿ ಹತ್ತಿರ ಬರುವಾಗ ನನಗೆ ಒಂದೇ ಯೋಚನೆ. ನಾನು ಹಗಲಿನಲ್ಲಿ, ಡಾಂಬರು ರಸ್ತೆಯಲ್ಲಿ, 22 ಹಲ್ಲಿನಲ್ಲಿ, ಮುಂದೆ ಯಾರ ಜೀವವೂ ಕಾಯ್ತಾ ಇಲ್ಲ ಅಂತ ಗೊತ್ತಿದ್ದು ತುಳೀತಿದೀನಿ. ಆ ರಾತ್ರಿ ಇದೇ ರಸ್ತೆಯಲ್ಲಿ ಅವರು ತಳ್ಳಿದ ಹತ್ತು ಕಿಲೋಮೀಟರಿಗೆ ಯಾವ ಸೂತ್ರ ಹಾಕಿ ಅಳೀತೀರಿ?

ನಾಲ್ಕು ಗಂಟೆ ನಲವತ್ತು ನಿಮಿಷ, ಮಂಡಕ್ಕಿ ಸೇರಿ. ಎಲ್ಲೂ ತಳ್ಳಲಿಲ್ಲ.

ಅಪ್ಪ ಚನ್ನಗಿರಿಯಿಂದ ಬಸ್ಸಿನಲ್ಲಿ ದಾವಣಗೆರೆಗೆ ಬಂದಿದ್ದರು. ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಕೋಲು ನನ್ನ ಕೈಗೆ ಕೊಟ್ಟು, ಕ್ಯಾರಿಯರ್ ಹಿಡಿದುಕೊಂಡು ನಿಧಾನಕ್ಕೆ ಬಗ್ಗಿ ಹಿಂದಿನ ಹಲ್ಲು ಎಣಿಸಿದರು. ಎರಡು ಸಲ. "ಇಪ್ಪತ್ತೆರಡು" ಅಂದರು. "ಆಗ ಇದು ಸಿಗ್ತಿರಲಿಲ್ಲ." ಮಂಡಿ ಹಿಡಿದುಕೊಂಡು ಎದ್ದು ನಿಂತರು. ಆಮೇಲೆ ಹೋಟೆಲ್ಲಿನಲ್ಲಿ ಬೆಣ್ಣೆ ದೋಸೆ ತಿಂತಾ, ನಾನು ಕೇಳದೇನೇ, ಬಿಳಿಚೋಡು ದಾಟಿದ ಮೇಲೆ ಒಂದು ಬಂಡೆ ಮೇಲೆ ಹತ್ತು ನಿಮಿಷ ಕೂತಿದ್ದು, ಬಾಯಿ ಒಣಗಿ ಎಂಜಲು ನುಂಗೋಕೂ ಆಗದೆ ಇದ್ದಿದ್ದು, ದಾವಣಗೆರೆಯ ದೀಪ ಕಂಡಾಗ ಅತ್ತಿದ್ದು, ಎಲ್ಲಾ ಹೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ. ನಾನು ದೋಸೆ ನೋಡ್ಕೊಂಡು ಕೂತಿದ್ದೆ.

ಫಿಕ್ಸೆಡ್ ಗೇರ್‌ನಲ್ಲಿ ಟೂರ್ ಹೋಗೋರು ಯಾರಾದರೂ ಇದನ್ನ ಓದ್ತಿದ್ದರೆ ನನ್ನ ಸಲಹೆ ಇಷ್ಟೇ. ಸಾಮಾನು ಇದ್ದರೆ 60 ಇಂಚಿಗಿಂತ ಮೇಲೆ ಹೋಗಬೇಡಿ. ಚಕ್ರದ ಇನ್ನೊಂದು ಕಡೆ ಮೂರು ಹಲ್ಲು ಜಾಸ್ತಿ ಇರೋದು ಇರಲಿ. ಬೆಳಿಗ್ಗೆಯ ಕಾಲಿಗೆ ಗೇರ್ ಆರಿಸಬೇಡಿ, ವಾಪಸ್ ಬರೋ ದಾರಿಯ ಗಾಳಿಗೆ ಆರಿಸಿ. ಸೈಕಲ್ ಇಲ್ಲದವರು ಮನೆಯ ಹಿತ್ತಿಲಿನಲ್ಲೋ ಅಟ್ಟದಲ್ಲೋ ಇರೋ ಹಳೇ ಸೈಕಲ್ಲಿನ ಹಿಂದಿನ ಹಲ್ಲು ಒಮ್ಮೆ ಎಣಿಸಿ ನೋಡಿ. ಅದನ್ನ ಓಡಿಸಿದವರು ಮನೆಯಲ್ಲಿದ್ದರೆ ಅವರ ಕೈಯಲ್ಲೇ ಎಣಿಸಿ. ನಿಮ್ಮ ಮನೆಯದು ಎಷ್ಟು ಬಂತು ಅಂತ ನನಗೂ ಹೇಳಿ.